ಪಿನ್ನಿನ ಕಿಲುಬು, ಸ್ಟೀರಿಯೊದ ಕರಕರ: ಓದುಗರ ಪ್ರಶ್ನೆಗಳಿಗೆ ಉತ್ತರ

ಲೋಹಕ್ಕೆ ಲೋಹ ತಾಗುವ ಸಂಪರ್ಕ (ಕಾಂಟ್ಯಾಕ್ಟ್) ಸುಧಾರಿಸಲೆಂದು ಸ್ಟೀರಿಯೊದ ಪಿನ್ನು, ಸಾಕೆಟ್ಟು, ಸ್ವಿಚ್ಚುಗಳಿಗೆ ಹಚ್ಚುವ ‘ಕಾಂಟ್ಯಾಕ್ಟ್ ಎನ್‌ಹ್ಯಾನ್ಸರ್’ ದ್ರವಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಆಂಪ್ಲಿಫೈಯರ್ ಹಿಂಭಾಗದ ಪಿನ್‌ಗಳಿಗೆ ಈ ದ್ರವ ಒಂದು ಹನಿ ಹಚ್ಚಿದರೆ ಬೇಸ್ ಬಿಗಿಯಾಗುತ್ತದೆ, ಹಾಡುವವರ ಧ್ವನಿ ತಿಳಿಯಾಗುತ್ತದೆ ಎನ್ನುತ್ತಾರೆ. ಪುಟ್ಟ ಬಾಟಲಿಗೆ ಬೆಲೆ ಮಾತ್ರ ದೊಡ್ಡದು. ಕೊಳ್ಳಬಹುದೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಸೆಟ್ಟಿನಲ್ಲಿ ಕಾಂಟ್ಯಾಕ್ಟ್ ಕೆಟ್ಟಿದ್ದರೆ ವ್ಯತ್ಯಾಸ ಖಂಡಿತ ಕೇಳಿಸುತ್ತದೆ. ಕೆಟ್ಟಿಲ್ಲದಿದ್ದರೆ ಏನೂ ಕೇಳಿಸುವುದಿಲ್ಲ. ಕಳೆದುಹೋದದ್ದನ್ನು ವಾಪಸು ತರುವುದಷ್ಟೇ ಈ ದ್ರವದ ಕೆಲಸ. ಇಲ್ಲದ್ದನ್ನು ಸೇರಿಸುವ ಶಕ್ತಿ ಅದಕ್ಕಿಲ್ಲ.

ಚಿತ್ರದುರ್ಗದ ಕೋಟೆಯಲ್ಲಿ ಒಂದರ ಮೇಲೊಂದು ಕೂತ ಬಂಡೆಗಳನ್ನು ನೋಡಿದ್ದೀರಲ್ಲ. ದೂರದಿಂದ ಪೂರ್ತಿ ಅಂಟಿಕೊಂಡಂತೆ ಕಂಡರೂ ಹತ್ತಿರ ಹೋದರೆ ಅವು ತಾಗಿರುವುದು ನಾಲ್ಕಾರು ಕಡೆ ಮಾತ್ರ. ಪಿನ್ನು ಸಾಕೆಟ್ಟಿನೊಳಗೆ ಕೂತಾಗಲೂ ಹೀಗೆಯೇ. ಎಷ್ಟೇ ನುಣುಪಾದ ಲೋಹವಾದರೂ ಸೂಕ್ಷ್ಮದರ್ಶಕದಲ್ಲಿ ಉಬ್ಬುತಗ್ಗು, ತಾಗುವುದು ಉಬ್ಬಿನ ತುದಿಗಳಷ್ಟೇ. ಕರೆಂಟು ಹರಿಯುವುದು ಆ ಕೆಲವೇ ಚುಕ್ಕೆಗಳ ಮೂಲಕ. ಚುಕ್ಕೆಗಳ ಸುತ್ತಲಿನ ಸಂದಿಗೆ ಗಾಳಿ, ತೇವ, ದೂಳು ಹೊಕ್ಕರೆ ತಾಮ್ರ–ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ತವರದ ಲೇಪಕ್ಕೆ ಆಕ್ಸೈಡ್ ಪದರ ಕಟ್ಟುತ್ತದೆ, ಬೆಳ್ಳಿ ಗಂಧಕದೊಡನೆ ಸೇರಿ ಕಪ್ಪಾಗುತ್ತದೆ. ಆ ಪದರ ಚುಕ್ಕೆಗಳ ಕೆಳಗೂ ನುಸುಳಿದಾಗ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ.

ಈಗ ಲೆಕ್ಕ ನೋಡಿ. ಆಂಪ್ಲಿಯ ಇನ್‌ಪುಟ್ ತಡೆ (ರೆಸಿಸ್ಟೆನ್ಸ್) ಸಾಮಾನ್ಯವಾಗಿ 47 ಕಿಲೋಓಮ್ ಆಸುಪಾಸು. ಆರ್‌ಸಿಎ ಪಿನ್ನಿನಲ್ಲಿ (ನಡುವೆ ಪಿನ್ನು, ಸುತ್ತ ಬಳೆ ಇರುವ ಸ್ಟೀರಿಯೊ ಕೇಬಲ್ಲಿನ ಪ್ಲಗ್ಗು) ಸ್ಥಿರವಾದ 1 ಓಮ್ ತಡೆ ಇದ್ದರೂ ಅಷ್ಟು ದೊಡ್ಡದರ ಮುಂದೆ ಅದು ಲೆಕ್ಕಕ್ಕಿಲ್ಲ. ಸ್ಪೀಕರ್ ಕಡೆ ಹಾಗಲ್ಲ. 8 ಓಮ್ ಸ್ಪೀಕರಿನ ದಾರಿಯಲ್ಲಿ 1 ಓಮ್ ತಡೆ ಬಂದರೆ ಧ್ವನಿ ಸುಮಾರು 1 ಡೆಸಿಬೆಲ್ ತಗ್ಗುತ್ತದೆ, ಬೇಸಿನ ಮೇಲಿನ ಹಿಡಿತವೂ ಸಡಿಲುತ್ತದೆ. 0.1 ಓಮ್ ಆದರೆ ತಗ್ಗುವುದು 0.1 ಡೆಸಿಬೆಲ್ಲಿನಷ್ಟು, ಅದು ಕಿವಿಗೆ ಸಿಗದು. ಸ್ಥಿರವಾದ ಸಣ್ಣ ತಡೆಯಿಂದ ಸಂಗೀತ ಹಾಳಾಗುವುದಿಲ್ಲ. ಸ್ಥಿರವಿಲ್ಲದ ಸಂಪರ್ಕವೇ ಕರಕರ ಶಬ್ದಕ್ಕೆ, ಒಂದು ಕಡೆಯ ಧ್ವನಿ ಮಾಯವಾಗುವುದಕ್ಕೆ, ಮೆಲ್ಲನೆಯ ಭಾಗಗಳಲ್ಲಿ ಧ್ವನಿ ಒಡೆದಂತಾಗುವುದಕ್ಕೆ ಕಾರಣ.

ಬಾಟಲಿಗಳಲ್ಲೂ ಜಾತಿಗಳಿವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಜಿಡ್ಡು, ಕೊಳೆ ತೊಳೆದು ಆರಿಹೋಗುತ್ತದೆ, ಆದರೆ ಆಕ್ಸೈಡನ್ನು ತೆಗೆಯುವುದಿಲ್ಲ. ಕೇಗ್ ಸಂಸ್ಥೆಯ ಡಿಯಾಕ್ಸಿಟ್ ಡಿ ಮಾದರಿಯವು ಆಕ್ಸೈಡನ್ನು ಕರಗಿಸಿ, ತೆಳು ಪದರವೊಂದನ್ನು ಬಿಟ್ಟುಹೋಗುತ್ತವೆ. ಸ್ಪ್ರೇ ಡಬ್ಬಿಯ ಡಿ5ರಲ್ಲಿ ಮದ್ದು ಶೇ 5 ಮಾತ್ರ, ಉಳಿದದ್ದು ಕೊಳೆಯನ್ನು ಹೊತ್ತೊಯ್ಯುವ ದ್ರಾವಕ. ಅದೇ ಸಂಸ್ಥೆಯ ‘ಗೋಲ್ಡ್’ ಮಾದರಿ ಚಿನ್ನದ ಲೇಪದ ಪಿನ್‌ಗಳಿಗೆ. ಸ್ಟೇಬಿಲೆಂಟ್ 22 ಎಂಬುದು ತೊಳೆಯುವ ವಸ್ತುವಲ್ಲ. ಅದು ಸಂದಿಯಲ್ಲೇ ಉಳಿಯುವ ದಪ್ಪ ಪಾಲಿಮರ್ ದ್ರವ. ಒಂದು ಪಾಲಿಗೆ ನಾಲ್ಕು ಪಾಲು ಐಸೊಪ್ರೊಪೈಲ್ ಬೆರೆಸಿದ ರೂಪಕ್ಕೆ 22ಎ ಎಂದು ಹೆಸರು, ಮನೆಬಳಕೆಗೆ ಸಲೀಸಾದದ್ದು ಅದೇ. ಕೊನೆಯದು ಬೆಳ್ಳಿಯ ಪುಡಿ ಬೆರೆಸಿದ ಪೇಸ್ಟ್. ಅದನ್ನು ಯಾರೂ ಕೊಳ್ಳಬೇಡಿ. ಅದು ಕರೆಂಟು ಹರಿಸುವ ವಸ್ತು. ಆರ್‌ಸಿಎ ಪಿನ್ನಿನ ನಡುವಿನಿಂದ ಹೊರಬಳೆಗೆ ಹರಡಿದರೆ ಶಾರ್ಟ್ ಆಗುತ್ತದೆ. ಪಕ್ಕಪಕ್ಕದಲ್ಲೇ ಕಾಲುಗಳಿರುವ ಸಾಕೆಟ್ಟಿನಲ್ಲಿ ಹರಡಿದರೆ ಆಂಪ್ಲಿಯೇ ಸುಟ್ಟೀತು.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಎಲ್ಲವನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಪ್ರತಿ ಆರ್‌ಸಿಎ ಪಿನ್ನನ್ನು ಅದರ ಸಾಕೆಟ್ಟಿನಲ್ಲೇ ಐದಾರು ಸಲ ಅತ್ತಿತ್ತ ತಿರುಗಿಸಿ, ಹೊರತೆಗೆದು ಮತ್ತೆ ಒತ್ತಿ ಕೂರಿಸಿ. ಈ ಉಜ್ಜಾಟಕ್ಕೇ ತೆಳು ಪದರ ಕಿತ್ತುಹೋಗುತ್ತದೆ. ಎನ್‌ಹ್ಯಾನ್ಸರ್ ಹಚ್ಚಿದ ಮೇಲೆ ಧ್ವನಿ ತಿಳಿಯಾಯಿತು ಎನ್ನುವವರಲ್ಲಿ ಎಷ್ಟೋ ಮಂದಿಗೆ ಲಾಭ ಬಂದದ್ದು ಪಿನ್ ಕಿತ್ತು ಹಾಕಿದ್ದರಿಂದ ಎಂಬುದು ನಮ್ಮ ಅಭಿಪ್ರಾಯ. ಆಮೇಲೂ ಅನುಮಾನವಿದ್ದರೆ ಯಾವುದಾದರೂ ಒಂದು ಕಡೆಯ ಪಿನ್‌ಗಳಿಗೆ ಮಾತ್ರ ದ್ರವ ಹಚ್ಚಿ, ಇನ್ನೊಂದು ಕಡೆಯವನ್ನು ಹಾಗೇ ಬಿಡಿ. ಹಳೆಯ ಮೋನೊ ಧ್ವನಿಮುದ್ರಣವೊಂದನ್ನು ಹಾಕಿ, ಬ್ಯಾಲೆನ್ಸ್ ಅತ್ತಿತ್ತ ತಿರುಗಿಸುತ್ತ ಕೇಳಿ. ಯಾವ ಕಡೆಗೆ ಹಚ್ಚಿದೆ ಎಂಬುದು ಕೇಳುವವರಿಗೆ ಗೊತ್ತಿರಬಾರದು. ಮನೆಯವರಿಂದ ಹಚ್ಚಿಸಿ, ನೀವು ಕೇಳಿ.

ಪ್ರಶ್ನೆ: ಆಂಪ್ಲಿ ಹಚ್ಚಿದಾಗ ಬಲಗಡೆ ಸ್ಪೀಕರ್ ಮೌನ. ವಾಲ್ಯೂಮ್ ಜೋರು ಮಾಡಿದರೆ ‘ಪಟ್’ ಎಂದು ಬರುತ್ತದೆ. ಮತ್ತೆ ಮೆಲ್ಲಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ಮಸುಕಾಗುತ್ತದೆ. ಪಿನ್‌ಗಳಿಗೆಲ್ಲ ಎನ್‌ಹ್ಯಾನ್ಸರ್ ಹಚ್ಚಿದೆ, ಪ್ರಯೋಜನವಾಗಲಿಲ್ಲ.
– ಹರಿಹರ

ಉತ್ತರ: ನೀವು ಹೇಳಿದ ಲಕ್ಷಣ ಸ್ಪೀಕರ್ ರಿಲೇಗೆ ಸರಿಯಾಗಿ ಹೊಂದುತ್ತದೆ. ಆಂಪ್ಲಿ ಹಚ್ಚಿ ಮೂರರಿಂದ ಐದು ಸೆಕೆಂಡಿಗೆ ಒಳಗೆ ‘ಟಿಕ್’ ಅನ್ನುತ್ತದಲ್ಲ, ಅದೇ ರಿಲೇ, ಸ್ಪೀಕರಿನ ದಾರಿಯನ್ನು ತಾನಾಗಿ ಕೂಡಿಸುವ ಸ್ವಿಚ್ಚು. ಅದರ ಬೆಳ್ಳಿ ಮಿಶ್ರಣದ ಬಿಂದುಗಳ ಮೇಲೆ ಪದರ ಕಟ್ಟಿರುತ್ತದೆ. ಮೆಲ್ಲಗೆ ಕೇಳುವಾಗ ಸ್ಪೀಕರಿಗೆ ಹೋಗುವುದು ಹತ್ತಾರು ಮಿಲಿವೋಲ್ಟ್ ಮಾತ್ರ, ಅದಕ್ಕೆ ಪದರವನ್ನು ಭೇದಿಸುವ ಬಲವಿಲ್ಲ. ಜೋರು ಮಾಡಿದಾಗ ವೋಲ್ಟೇಜ್ ಏರಿ ಪದರ ಒಡೆಯುತ್ತದೆ, ಧ್ವನಿ ಬರುತ್ತದೆ.

ಆದರೂ ರಿಲೇ ಬಿಚ್ಚುವ ಮೊದಲು ಉಳಿದದ್ದನ್ನು ತಳ್ಳಿಹಾಕಿ. ಆಂಪ್ಲಿ ಆಫ್ ಮಾಡಿ, ಎಡ–ಬಲ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ. ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ಸ್ಪೀಕರ್ ತಪ್ಪಿಲ್ಲ. ವೈರುಗಳನ್ನು ಮೊದಲಿನಂತೆ ಹಾಕಿ, ಹಾಗೆಯೇ ಇನ್‌ಪುಟ್ ಆರ್‌ಸಿಎಗಳನ್ನು ಅದಲುಬದಲು ಮಾಡಿ. ಮೌನ ಬಲಗಡೆಯೇ ಉಳಿದರೆ ದೋಷ ಆಂಪ್ಲಿಯೊಳಗೇ ಇದೆ. ಮುಂದಿನದು ಬಹಳ ಮಂದಿ ಮರೆಯುವ ಜಾಗ: ಕೆಲವು ಆಂಪ್ಲಿಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಹೆಡ್‌ಫೋನ್ ಸಾಕೆಟ್ಟಿನೊಳಗಿನ ಸ್ವಿಚ್ಚನ್ನು ಹಾಯ್ದು ಹೋಗುತ್ತದೆ. ಆಂಪ್ಲಿ ಆಫ್ ಇರುವಾಗ ಹೆಡ್‌ಫೋನ್ ಪ್ಲಗ್ಗನ್ನು ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಸ್ಪೀಕರ್ ಎ–ಬಿ ಸ್ವಿಚ್ಚನ್ನೂ ಟೇಪ್ ಮಾನಿಟರ್ ಸ್ವಿಚ್ಚನ್ನೂ ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ವರ್ಷಗಟ್ಟಲೆ ಮುಟ್ಟದ ಟೇಪ್ ಮಾನಿಟರ್ ಸ್ವಿಚ್ಚೇ ಒಂದು ಕಡೆಯ ಧ್ವನಿ ನುಂಗುವುದು ಸಾಮಾನ್ಯ. ಇಷ್ಟಕ್ಕೆ ಸರಿಹೋದರೆ ಆ ಸ್ವಿಚ್ಚಿಗೆ ಡಿ5 ಒಂದು ಸಣ್ಣ ಸ್ಪ್ರೇ ಸಾಕು.

ರಿಲೇಯೇ ಎಂದಾದರೆ ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಕೆಟ್ಟದ್ದು, ಕಿಡಿ ಹಾರಿ ಬೋರ್ಡಿನ ತಾಮ್ರವೇ ಕಿತ್ತೀತು. 1 ಕಿಲೋಓಮ್, 5 ವಾಟ್ ರೆಸಿಸ್ಟರಿನ ಕಾಲುಗಳಿಗೆ ಇನ್ಸುಲೇಷನ್ ಇರುವ ವೈರು ಬೆಸೆದು, ಪ್ರತಿ ಕೆಪಾಸಿಟರಿಗೂ ಒಂದು ನಿಮಿಷ ಹಿಡಿಯಿರಿ, ಆಮೇಲೆ ಮೀಟರಿನಲ್ಲಿ ವೋಲ್ಟೇಜ್ ಇಳಿದಿದೆಯೇ ನೋಡಿ. ರಿಲೇಯ ಪ್ಲಾಸ್ಟಿಕ್ ಕವಚ ಬಿಚ್ಚುವಂತಿದ್ದರೆ, 5 ಮಿಲಿಮೀಟರ್ ಅಗಲದ ಬಾಂಡ್ ಪೇಪರ್ ಪಟ್ಟಿಯನ್ನು ಐಸೊಪ್ರೊಪೈಲಿನಲ್ಲಿ ಅದ್ದಿ ಬಿಂದುಗಳ ನಡುವೆ ತೂರಿಸಿ. ಬೆರಳಿನಿಂದ ಆರ್ಮೇಚರನ್ನು (ರಿಲೇಯ ಚಲಿಸುವ ಭಾಗ) ಹಗುರವಾಗಿ ಒತ್ತಿ ಪಟ್ಟಿ ಎಳೆಯಿರಿ. ಪೇಪರಿನ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೆ ಹೊಸ ಹೊಸ ಪಟ್ಟಿ ಬಳಸಿ, ಕೊನೆಗೆ ಒಣ ಪಟ್ಟಿ. ಸ್ಯಾಂಡ್‌ಪೇಪರ್, ಅರ ಎರಡೂ ಬೇಡ; ಗೀರುಬಿದ್ದ ಬಿಂದು ಇನ್ನೂ ಬೇಗ ಕೆಡುತ್ತದೆ. ಎಣ್ಣೆಯ ಪದರ ಬಿಡುವ ಎನ್‌ಹ್ಯಾನ್ಸರನ್ನು ರಿಲೇ ಬಿಂದುಗಳಿಗೆ ಹಚ್ಚಬೇಡಿ. ಕಿಡಿ ಹಾರುವ ಜಾಗದಲ್ಲಿ ಆ ಪದರ ಸುಟ್ಟು ಮಸಿಯಾಗುತ್ತದೆ.

ನಿಜ ಹೇಳಬೇಕೆಂದರೆ ಒರೆಸಿದ ರಿಲೇ ಎಷ್ಟು ದಿನ ಬಾಳುತ್ತದೆಂದು ಹೇಳಲಾಗದು, ಬದಲಿಸುವುದೇ ಲೇಸು. ಹೊಸದರಲ್ಲಿ ಕಾಯಿಲ್ ವೋಲ್ಟೇಜ್ ಅದೇ ಇರಬೇಕು (ರಿಲೇಯ ಮೇಲೆಯೇ 12 ಅಥವಾ 24 ವೋಲ್ಟ್ ಎಂದು ಬರೆದಿರುತ್ತದೆ), ಕಾಲುಗಳ ಜೋಡಣೆ ಅದೇ ಇರಬೇಕು, ಬಿಂದುಗಳ ಸಾಮರ್ಥ್ಯ ಹಳೆಯದಕ್ಕಿಂತ ಕಡಿಮೆ ಇರಬಾರದು. ಎರಡು ಸ್ಪೀಕರಿಗೆ ಒಂದೇ ರಿಲೇ ಇರುವ ಆಂಪ್ಲಿಗೆ ಡಬಲ್ ಪೋಲ್ ಮಾದರಿ ಬೇಕು. ಇನ್ನೊಂದು ಎಚ್ಚರ: ರಿಲೇ ‘ಟಿಕ್’ ಅನ್ನದೇ ಇದ್ದರೆ, ಅಥವಾ ಮತ್ತೆ ಮತ್ತೆ ಟಿಕ್‌ಟಿಕ್ ಎಂದರೆ ಅದು ಕಿಲುಬಿನ ಸಮಸ್ಯೆಯಲ್ಲ. ಔಟ್‌ಪುಟ್ಟಿನಲ್ಲಿ ಡಿಸಿ (ಬ್ಯಾಟರಿಯದರಂತೆ ಒಂದೇ ದಿಕ್ಕಿನ ಕರೆಂಟು) ಬಂದಿರಬಹುದು. ರಿಲೇ ನಿಮ್ಮ ಸ್ಪೀಕರನ್ನು ಕಾಯುತ್ತಿದೆ, ಅದನ್ನು ತಪ್ಪಿಸಿ ನೇರ ಜೋಡಿಸಬೇಡಿ.

ಪ್ರಶ್ನೆ: ವಾಲ್ಯೂಮ್ ಕಂಟ್ರೋಲ್ ಕರಕರ ಅನ್ನುತ್ತಿತ್ತು. ಬೈಕಿನ ಚೈನಿಗೆ ತಂದಿದ್ದ ಡಬ್ಲ್ಯುಡಿ–40 ಹೊಡೆದೆ. ಒಂದು ತಿಂಗಳು ಸರಿಯಿತ್ತು, ಈಗ ಮೊದಲಿಗಿಂತ ಕೆಟ್ಟಿದೆ.
– ನಿಟುವಳ್ಳಿ, ದಾವಣಗೆರೆ

ಉತ್ತರ: ಸಾಮಾನ್ಯ ಡಬ್ಲ್ಯುಡಿ–40 ನೀರನ್ನು ಸರಿಸಲು, ತುಕ್ಕು ಹಿಡಿದ ನಟ್ಟು ಬಿಡಿಸಲು ಮಾಡಿದ್ದು. ಆ ಕೆಲಸಕ್ಕೆ ಒಳ್ಳೆಯದೇ. ಅದರ ದ್ರಾವಕ ಆರಿದ ಮೇಲೆ ಎಣ್ಣೆ ಉಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯ ದೂಳು ಅದಕ್ಕೆ ಅಂಟಿ, ಗುಬ್ಬಿ (ನಾಬ್) ತಿರುಗಿಸಿದಾಗಲೆಲ್ಲ ಕಂಟ್ರೋಲಿನ ಒಳಗಿನ ಕಾರ್ಬನ್ ಪಟ್ಟಿಯನ್ನು ಅರೆಯುವ ಹಿಟ್ಟಾಗುತ್ತದೆ. ಅದೇ ಹೆಸರಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಬೇರೆ ಡಬ್ಬಿಯೂ ಸಿಗುತ್ತದೆ, ಇವೆರಡನ್ನೂ ಒಂದೆಂದುಕೊಳ್ಳಬೇಡಿ.

ಮೊದಲು ಆ ಎಣ್ಣೆ ತೊಳೆಯಬೇಕು. ಶೇ 99ರ ಐಸೊಪ್ರೊಪೈಲ್ ತನ್ನಿ. ಔಷಧಿ ಅಂಗಡಿಯ ಶೇ 70ರದ್ದರಲ್ಲಿ ಉಳಿದ ಶೇ 30 ನೀರು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುತ್ತದೆ, ಅದಂತೂ ಬೇಡವೇ ಬೇಡ. ಆಂಪ್ಲಿ ಬಿಚ್ಚಿ, ಕಂಟ್ರೋಲಿನ ಮೂರು ಕಾಲುಗಳ ಮೇಲಿರುವ ಸಣ್ಣ ಸಂದಿಯಿಂದ ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್ ಬಿಡಿ. ಮುಂದಿನ ದಂಡದ ಕಡೆಯಿಂದ ಎಂದೂ ಬಿಡಬೇಡಿ. ದಂಡ ತಿರುಗುವ ಜಾಗದಲ್ಲಿ ಗ್ರೀಸ್ ಇರುತ್ತದೆ, ಅದು ಕರಗಿ ಪಟ್ಟಿಯ ಮೇಲೆ ಹರಿಯುತ್ತದೆ. ಗುಬ್ಬಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ನಲವತ್ತು ಸಲ ತಿರುಗಿಸಿ, ಆಂಪ್ಲಿಯನ್ನು ವಾಲಿಸಿ ದ್ರವ ಬಟ್ಟೆಗೆ ಬಸಿಯಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ಮುಚ್ಚಳ ತೆರೆದೇ ಒಂದೆರಡು ಗಂಟೆ ಒಣಗಿಸಿ. ಆಮೇಲೆ ಒಂದೇ ಒಂದು ಹನಿ ಫೇಡರ್ ಮಾದರಿಯ ಲೂಬ್ರಿಕೆಂಟ್. ಡಿಯಾಕ್ಸಿಟ್‌ನಲ್ಲಿ ಇದಕ್ಕೆ ಎಫ್5 ಎಂದು ಹೆಸರು. ಕಾರ್ಬನ್ ಪಟ್ಟಿಗೆ, ಜಾರುವ ಕಂಟ್ರೋಲುಗಳಿಗೆ ಡಿ5ಕ್ಕಿಂತ ಇದು ಸೂಕ್ತ. ಬರೀ ಆಲ್ಕೋಹಾಲಿನಲ್ಲಿ ತೊಳೆದು ಹಾಗೇ ಬಿಟ್ಟರೆ ಪಟ್ಟಿ ಒಣಗಿ ಬೇಗ ಸವೆಯುತ್ತದೆ.

ಇಷ್ಟಾದರೂ ಕರಕರ ಹೋಗದಿದ್ದರೆ ಇನ್ನಷ್ಟು ಸ್ಪ್ರೇ ಹೊಡೆಯಬೇಡಿ, ಮೀಟರ್ ತೆಗೆಯಿರಿ. ಕಂಟ್ರೋಲಿನ ಹಿಂದೆಯೋ ಮುಂದೆಯೋ ಇರುವ ಕಪ್ಲಿಂಗ್ ಕೆಪಾಸಿಟರ್ (ಡಿಸಿಯನ್ನು ತಡೆದು ಧ್ವನಿಯನ್ನಷ್ಟೇ ಬಿಡುವ ಭಾಗ) ಸೋರಿದರೆ ಪಟ್ಟಿಯ ಮೇಲೆ ಡಿಸಿ ಕೂರುತ್ತದೆ. ಆಗ ಪಟ್ಟಿ ಕನ್ನಡಿಯಂತಿದ್ದರೂ ತಿರುಗಿಸಿದಾಗ ಶಬ್ದ ಬರುತ್ತದೆ. ಮೀಟರನ್ನು ಡಿಸಿ 200 ಮಿಲಿವೋಲ್ಟಿನಲ್ಲಿಟ್ಟು, ಒಂದು ತುದಿಯನ್ನು ಗ್ರೌಂಡಿಗೆ, ಇನ್ನೊಂದನ್ನು ಕಂಟ್ರೋಲಿನ ಕಾಲುಗಳಿಗೆ ಒಂದೊಂದಾಗಿ ತಾಗಿಸಿ. ಒಂದೆರಡು ಮಿಲಿವೋಲ್ಟ್ ತೋರಿಸಿದರೆ ಚಿಂತೆಯಿಲ್ಲ. ಹತ್ತಾರು ಮಿಲಿವೋಲ್ಟ್ ಇದ್ದರೆ ಆ ಕೆಪಾಸಿಟರನ್ನು ಅದೇ ಮೈಕ್ರೊಫ್ಯಾರಡ್ ಬೆಲೆಯ, ಅದೇ ಅಥವಾ ಹೆಚ್ಚಿನ ವೋಲ್ಟೇಜಿನ ಹೊಸದರಿಂದ, ಪ್ಲಸ್–ಮೈನಸ್ ನೋಡಿ ಬದಲಿಸಿ. ಡಿಸಿಯೂ ಇಲ್ಲ, ತೊಳೆದದ್ದೂ ಆಯಿತು, ಆದರೂ ಒಂದೇ ಜಾಗದಲ್ಲಿ ಧ್ವನಿ ಕಡಿಯುತ್ತದೆ ಎಂದರೆ ಪಟ್ಟಿ ಸವೆದಿದೆ. ಹೊಸ ಕಂಟ್ರೋಲ್ ಕೊಳ್ಳುವಾಗ ಹಳೆಯದರ ಮೇಲಿನ ಅಕ್ಷರ ನೋಡಿ. ಏಷ್ಯಾದ ತಯಾರಿಕೆಯಲ್ಲಿ ‘ಎ’ ಎಂದರೆ ಕಿವಿಗೆ ತಕ್ಕ ಲಾಗ್ ಮಾದರಿ, ‘ಬಿ’ ಎಂದರೆ ನೇರ ಏರಿಕೆಯದು. ವಾಲ್ಯೂಮಿಗೆ ‘ಬಿ’ ಹಾಕಿದರೆ ಗುಬ್ಬಿ ಸ್ವಲ್ಪ ತಿರುಗಿಸುವಷ್ಟರಲ್ಲೇ ಧ್ವನಿ ಅಬ್ಬರಿಸುತ್ತದೆ.

ಪ್ರಶ್ನೆ: ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಇವುಗಳಲ್ಲಿ ಯಾವುದನ್ನಾದರೂ ಪಿನ್‌ಗಳಿಗೆ ಸವರಬಹುದೇ? ಗಾಳಿ ತಾಗದಂತೆ ಮಾಡುವುದಷ್ಟೇ ತಾನೇ?
– ಚಳ್ಳಕೆರೆ

ಉತ್ತರ: ಎಣ್ಣೆ ಗಿರಣಿಗಳ ಊರಿನಿಂದ ಬರಬೇಕಾದ ಪ್ರಶ್ನೆಯೇ. ಆದರೆ ಅಡುಗೆ ಎಣ್ಣೆ ಯಾವುದೂ ಬೇಡ. ದೇವರ ಮನೆಯ ಹಿತ್ತಾಳೆ ದೀಪದಲ್ಲಿ ಎಣ್ಣೆ ನಿಂತ ಕಡೆ ಹಸಿರು ಕಟ್ಟುವುದನ್ನು ನೋಡಿದ್ದೀರಿ. ಎಣ್ಣೆ ಕಮಟಿದಾಗ ಹುಟ್ಟುವ ಆಮ್ಲ ತಾಮ್ರದೊಡನೆ ಸೇರಿ ಆಗುವ ಕಿಲುಬು ಅದು. ನಿಮ್ಮ ಪಿನ್ನಿಗೂ ಅದೇ ಗತಿ. ಹೊಲಿಗೆ ಯಂತ್ರದ ಎಣ್ಣೆ ಖನಿಜದ್ದು, ಹಸಿರು ಕಟ್ಟುವುದಿಲ್ಲ. ಆದರೆ ಇರುವ ಆಕ್ಸೈಡನ್ನು ತೆಗೆಯುವುದೂ ಇಲ್ಲ, ದೂಳನ್ನು ಹಿಡಿದಿಡುತ್ತದೆ.

ಪ್ರಶ್ನೆ: ಆರ್‌ಸಿಎ ಸಾಕೆಟ್‌ಗಳು ಮಂಕಾಗಿವೆ. ಹಿತ್ತಾಳೆ ಪಾತ್ರೆ ತಿಕ್ಕುವಂತೆ ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳೆಯುತ್ತವೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಮಾಡಬಹುದೇ? ಸರಿಯಾದ ಕ್ರಮ ಯಾವುದು?
– ಹೊಳಲ್ಕೆರೆ

ಉತ್ತರ: ಹುಣಸೆಯ ಹುಳಿ ಕಿಲುಬು ಕರಗಿಸುತ್ತದೆ ಎಂಬುದು ನಿಜವೇ. ಪಾತ್ರೆಯಾದರೆ ತಿಕ್ಕಿದ ಮೇಲೆ ನಾಲ್ಕು ಚೊಂಬು ನೀರಲ್ಲಿ ತೊಳೆಯುತ್ತೀರಿ. ಸಾಕೆಟ್ಟನ್ನು ಹಾಗೆ ತೊಳೆಯಲಾಗದು. ಸಂದಿಯಲ್ಲಿ ಉಳಿದ ಹುಳಿ ಗಾಳಿಯ ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಸಾಕೆಟ್ಟಿನ ಮೇಲಿರುವುದು ನಿಕ್ಕಲ್ಲಿನದೋ ಚಿನ್ನದ್ದೋ ತೆಳು ಲೇಪ. ಪಾತ್ರೆಯ ಪುಡಿ, ಲೋಹದ ಪಾಲಿಶ್, ಟೂತ್‌ಪೇಸ್ಟ್ ಎಲ್ಲವೂ ಅದನ್ನು ಗೀರಿ ಕೆಳಗಿನ ಹಿತ್ತಾಳೆಯನ್ನು ಹೊರಗೆ ತರುತ್ತವೆ. ಆಮೇಲೆ ಕಿಲುಬು ಎರಡು ಪಟ್ಟು ವೇಗದಲ್ಲಿ ಬಂದರೂ ಆಶ್ಚರ್ಯವಿಲ್ಲ. ಸಾಕೆಟ್ ಹೊಳೆಯಲೇಬೇಕೆಂದಿಲ್ಲ, ಕಾಂಟ್ಯಾಕ್ಟ್ ಗಟ್ಟಿಯಾಗಿದ್ದರೆ ಸಾಕು.

ಕ್ರಮ ಹೀಗೆ. ಮೊದಲು ಹಿಂಭಾಗದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾವ ಕೇಬಲ್ ಎಲ್ಲಿತ್ತೆಂದು ಮತ್ತೆ ಹುಡುಕಬೇಕಾಗುವುದಿಲ್ಲ. ಎಲ್ಲ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಆಂಪ್ಲಿ ಚಾಲೂ ಇರುವಾಗ ಆರ್‌ಸಿಎ ಎಳೆದರೆ ಹೊರಬಳೆಯ ಗ್ರೌಂಡ್ ಮೊದಲು ಬಿಟ್ಟು, ನಡುಪಿನ್ ಇನ್ನೂ ತಾಗಿರುತ್ತದೆ. ಆಗ ಬರುವ ‘ಢಬ್’ ಶಬ್ದಕ್ಕೆ ಟ್ವೀಟರ್ (ತೀಕ್ಷ್ಣ ಸ್ವರಗಳ ಪುಟ್ಟ ಸ್ಪೀಕರ್) ಸುಟ್ಟೀತು. ಒಣ ಬ್ರಷ್‌ನಿಂದ ದೂಳು ತೆಗೆಯಿರಿ. ಎಳೆ ಬಿಡದ ಹಳೆಯ ಹತ್ತಿ ಬಟ್ಟೆಯನ್ನು ಐಸೊಪ್ರೊಪೈಲಿನಲ್ಲಿ ತೇವ ಮಾಡಿ ಸಾಕೆಟ್ಟಿನ ಹೊರಬಳೆಗೆ ಸುತ್ತಿ ತಿರುಗಿಸಿ. ನಡುವಿನ ರಂಧ್ರಕ್ಕೆ ಹಲ್ಲಿನ ಸಂದಿ ತಿಕ್ಕುವ ಪುಟ್ಟ ಬ್ರಷ್ ಹೇಳಿಮಾಡಿಸಿದಂತಿದೆ. ಅದು ಆರಿದ ಮೇಲೆ ಎನ್‌ಹ್ಯಾನ್ಸರ್: ನಿಕ್ಕಲ್ಲಿಗೆ ಡಿ ಮಾದರಿ, ಚಿನ್ನಕ್ಕೆ ಗೋಲ್ಡ್ ಮಾದರಿ. ನೇರವಾಗಿ ಸಾಕೆಟ್ಟಿಗೆ ಸ್ಪ್ರೇ ಹೊಡೆಯದೆ ಬ್ರಷ್ಷಿನ ತುದಿಗೆ ತೆಗೆದುಕೊಂಡು ತೇವವಾಗುವಷ್ಟು ಮಾತ್ರ ಸವರಿ. ಪಿನ್ ಹಾಕಿ, ತಿರುಗಿಸಿ, ಎರಡು ಮೂರು ನಿಮಿಷ ಬಿಟ್ಟು, ತೆಗೆದು ಒಣ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಅಂಟಿದರೆ ಇನ್ನೊಂದು ಸಲ. ಕಣ್ಣಿಗೆ ಹಸಿಯಾಗಿ ಕಂಡರೆ ಹೆಚ್ಚಾಯಿತೆಂದೇ ಅರ್ಥ. ಹತ್ತು ಹನ್ನೆರಡು ಸಾಕೆಟ್‌ಗಳ ಇಡೀ ಆಂಪ್ಲಿಗೆ ಒಂದು ಮಿಲಿಲೀಟರೂ ಬೇಕಾಗದು.

ಪಿನ್ನಿನ ಹೊರಬಳೆ ಸಡಿಲವಾಗಿದ್ದರೆ ಯಾವ ದ್ರವವೂ ಕೆಲಸ ಮಾಡುವುದಿಲ್ಲ. ಬಳೆಯ ಎಸಳುಗಳನ್ನು ಇಕ್ಕಳದಿಂದ ಸ್ವಲ್ಪವೇ ಒಳಕ್ಕೆ ಒತ್ತಿ. ಗುಂಯ್ ಎಂಬ ಹಮ್ ಎಷ್ಟೋ ಸಲ ಈ ಬಳೆ ಸಡಿಲಾಗಿದ್ದರಿಂದಲೇ ಬರುತ್ತದೆ. ಹಳೆಯ ಸೆಟ್ಟುಗಳ ಐದು ಪಿನ್ನಿನ ಡಿನ್ ಸಾಕೆಟ್ಟಿಗೂ ಇದೇ ಕ್ರಮ. ಅದರಲ್ಲಿ 2ನೇ ಪಿನ್ ಗ್ರೌಂಡ್, ಟೇಪಿನಿಂದ ಬರುವ ಧ್ವನಿ 3 ಮತ್ತು 5ರಲ್ಲಿ; ಹಮ್ ಇದ್ದರೆ 2ನ್ನು ಮೊದಲು ನೋಡಿ.

ಪ್ರಶ್ನೆ: ಸ್ಪೀಕರ್ ವೈರಿನ ತುದಿ ಕಪ್ಪಾಗಿದೆ. ತುದಿಗೆ ಸೀಸ ಹಾಕಿ ಬೆಸೆದರೆ ಒಳ್ಳೆಯದೇ, ಎನ್‌ಹ್ಯಾನ್ಸರ್ ಹಚ್ಚಿದರೆ ಒಳ್ಳೆಯದೇ? ಕಾಂಟ್ಯಾಕ್ಟ್ ಸರಿಯಿದೆಯೇ ಎಂದು ಅಳೆಯುವುದು ಹೇಗೆ?
– ಚಿತ್ರದುರ್ಗ

ಉತ್ತರ: ಎರಡಕ್ಕಿಂತಲೂ ಕತ್ತರಿ ಒಳ್ಳೆಯದು. ಕಪ್ಪಾದ 2 ಸೆಂಟಿಮೀಟರ್ ಕತ್ತರಿಸಿ ಎಸೆಯಿರಿ, 10–12 ಮಿಲಿಮೀಟರ್ ಹೊಸದಾಗಿ ಬಿಡಿಸಿ, ಎಳೆಗಳನ್ನು ಬಿಗಿಯಾಗಿ ಹುರಿಮಾಡಿ. ಕಪ್ಪು ಇನ್ನೂ ಒಳಗೆ ಹೋಗಿದ್ದರೆ ಇನ್ನಷ್ಟು ಕತ್ತರಿಸಿ. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ತುದಿಗೆ ಸೀಸ ಹಾಕಬೇಡಿ. ಸೀಸ ಮೆದು ಲೋಹ, ಒತ್ತಡದಲ್ಲಿ ನಿಧಾನವಾಗಿ ಹರಿದು ಜಾಗ ಬಿಡುತ್ತದೆ. ಇಂದು ಬಿಗಿ ಮಾಡಿದ ಸ್ಕ್ರೂ ಕೆಲವು ತಿಂಗಳಿಗೆ ಸಡಿಲವಾಗಿರುತ್ತದೆ. ಬನಾನಾ ಪ್ಲಗ್ಗಿನ (ಸ್ಪೀಕರ್ ವೈರಿನ ತುದಿಗೆ ಹಾಕುವ ಪ್ಲಗ್ಗು) ಒಳಗೆ ಬೆಸೆಯುವುದಾದರೆ ಅಡ್ಡಿಯಿಲ್ಲ.

ವೈರು ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬಿಳುಪು ಇದ್ದರೆ ಅದು ತಾಮ್ರದ ಮುಲಾಮಿನ ಅಲ್ಯೂಮಿನಿಯಂ, ಬೇಡ. ಹೊರಗೆ ಬಿಳುಪು, ಒಳಗೆ ಕೆಂಪು ಇದ್ದರೆ ತವರ ಹಚ್ಚಿದ ತಾಮ್ರ, ತೆಗೆದುಕೊಳ್ಳಬಹುದು. ಅಂಗಡಿಯಲ್ಲಿ 23/76 ಎಂದು ಕೊಡುವ ವೈರಿನಲ್ಲಿ 5 ಮೀಟರ್ ದೂರಕ್ಕೆ ಹೋಗಿಬರುವ ತಡೆ ಸುಮಾರು 0.26 ಓಮ್, 40/76ರಲ್ಲಿ 0.15, ಮನೆ ವೈರಿಂಗಿನ 2.5 ಚದರ ಮಿಲಿಮೀಟರಿನಲ್ಲಿ 0.07. ಎನ್‌ಹ್ಯಾನ್ಸರಿಗೆ ಹಾಕುವ ದುಡ್ಡನ್ನು ದಪ್ಪ ವೈರಿಗೆ ಹಾಕಿದರೆ ಲಾಭ ಖಚಿತ, ಲೆಕ್ಕದಲ್ಲೇ ಕಾಣುತ್ತದೆ.

ಅಳತೆಗೆ ಮೀಟರಿನ ಓಮ್ ರೇಂಜ್ ಸಾಲದು. ಅದರ ತಂತಿಗಳದ್ದೇ 0.2ರಿಂದ 0.5 ಓಮ್ ಆಗುತ್ತದೆ. ಬದಲಿಗೆ, ಆಂಪ್ಲಿಯನ್ನೂ ಸ್ಪೀಕರನ್ನೂ ಪೂರ್ತಿ ಬೇರ್ಪಡಿಸಿ, 12 ವೋಲ್ಟ್ ಬ್ಯಾಟರಿ ಮತ್ತು ವಾಹನದ 21 ವಾಟ್ ಇಂಡಿಕೇಟರ್ ಬಲ್ಬನ್ನು ಆ ಜೋಡಣೆಯ ಮೂಲಕ ಉರಿಸಿ. ಸುಮಾರು 1.75 ಆಂಪಿಯರ್ ಹರಿಯುತ್ತದೆ. ಮೀಟರನ್ನು 200 ಮಿಲಿವೋಲ್ಟಿಗಿಟ್ಟು ಜೋಡಣೆಯ ಅತ್ತ ಇತ್ತ ಹಿಡಿಯಿರಿ. 17 ಮಿಲಿವೋಲ್ಟ್ ತೋರಿಸಿದರೆ 0.01 ಓಮ್, ಒಳ್ಳೆಯದು. 175 ತೋರಿಸಿದರೆ 0.1 ಓಮ್, ಬಿಚ್ಚಿ ಸರಿಮಾಡಿ. ವೈರನ್ನು ಅಲುಗಾಡಿಸಿದಾಗ ಅಂಕಿ ಕುಣಿದರೆ ಅಂಕಿ ಚಿಕ್ಕದಿದ್ದರೂ ಜೋಡಣೆ ಕೆಟ್ಟದ್ದೇ. ಈ ಪರೀಕ್ಷೆ ಸ್ಪೀಕರ್ ವೈರು, ಬನಾನಾ ಪ್ಲಗ್ಗುಗಳಿಗೆ ಮಾತ್ರ. ಆರ್‌ಸಿಎ ಪಿನ್ನಿನಂಥ ಕಡೆ ಅಷ್ಟು ಕರೆಂಟು ಹರಿಸಿದರೆ ಪದರ ಆಗಲೇ ಒಡೆದು ಸುಳ್ಳು ಉತ್ತರ ಬರುತ್ತದೆ. ಅದಕ್ಕಾಗಿಯೇ ಪ್ರಯೋಗಾಲಯದಲ್ಲಿ ಅಂಥ ಕಾಂಟ್ಯಾಕ್ಟುಗಳನ್ನು 20 ಮಿಲಿವೋಲ್ಟ್ ಮೀರದಂತೆ ಅಳೆಯುತ್ತಾರೆ.

ಪ್ರಶ್ನೆ: ರೆಕಾರ್ಡ್ ಪ್ಲೇಯರಿನಲ್ಲಿ ಎಡಗಡೆ ಆಗಾಗ ಹೋಗುತ್ತದೆ. ಕಾರ್ಟ್ರಿಜ್ ಬದಲಿಸಬೇಕೇ?
– ಜಗಳೂರು

ಉತ್ತರ: ಕಾರ್ಟ್ರಿಜ್, ಅಂದರೆ ಸೂಜಿ ಕೂತಿರುವ ಪುಟ್ಟ ಭಾಗ, ಬದಲಿಸುವ ಮೊದಲು ಅದರ ಹಿಂದಿನ ನಾಲ್ಕು ಪಿನ್‌ಗಳನ್ನು ನೋಡಿ. ಇಡೀ ಸ್ಟೀರಿಯೊದಲ್ಲಿ ಎನ್‌ಹ್ಯಾನ್ಸರ್ ನಿಜವಾಗಿ ಬೆಲೆಗೆ ತಕ್ಕ ಕೆಲಸ ಮಾಡುವ ಜಾಗ ಇದು. ಸಿಡಿ ಪ್ಲೇಯರಿನಿಂದ ಬರುವುದು 2 ವೋಲ್ಟ್, ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವುದು 5 ಮಿಲಿವೋಲ್ಟ್ ಆಸುಪಾಸು. ಇಷ್ಟು ಸಣ್ಣ ವೋಲ್ಟೇಜಿಗೆ ತೆಳು ಪದರವೂ ಗೋಡೆ. ಬಿಳಿ ವೈರು ಎಡಗಡೆಯದು, ನೀಲಿ ಅದರ ಗ್ರೌಂಡ್. ಕೆಂಪು ಬಲಗಡೆಯದು, ಹಸಿರು ಅದರ ಗ್ರೌಂಡ್. ಸೂಜಿಗೆ ಮುಚ್ಚಳ ಹಾಕಿ, ಒಂದು ಸಲಕ್ಕೆ ಒಂದೇ ವೈರಿನ ಕ್ಲಿಪ್ಪನ್ನು ಚಿಮ್ಮಟದಿಂದ ಹಿಡಿದು ತೆಗೆಯಿರಿ, ವೈರನ್ನು ಎಳೆಯಬೇಡಿ. ಪಿನ್ನನ್ನು ಐಸೊಪ್ರೊಪೈಲಿನಿಂದ ಒರೆಸಿ, ಗುಂಡುಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಎನ್‌ಹ್ಯಾನ್ಸರ್ ಹಚ್ಚಿ, ಕ್ಲಿಪ್ ವಾಪಸು ಹಾಕಿ. ಕ್ಲಿಪ್ ಸಡಿಲವಿದ್ದರೆ ಒಳಗೆ ಟೂತ್‌ಪಿಕ್ ಇಟ್ಟು ಹೊರಗಿನಿಂದ ನಯವಾಗಿ ಒತ್ತಿ. ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತೋಳಿನ ತುದಿ) ಕಳಚುವಂಥದ್ದಾದರೆ ತೋಳಿನೊಳಗಿನ ನಾಲ್ಕು ಸ್ಪ್ರಿಂಗ್ ಪಿನ್‌ಗಳನ್ನೂ ಹೀಗೆಯೇ ಒರೆಸಿ. ಕಾರ್ಟ್ರಿಜ್ ಪಿನ್ನಿಗೆ ನೇರ ಬೆಸುಗೆ ಹಾಕಬೇಡಿ, ಒಳಗಿನ ಕೂದಲೆಳೆಯಂಥ ಸುರುಳಿ ಬಿಟ್ಟುಹೋಗುತ್ತದೆ.

ಪ್ರಶ್ನೆ: ಆಂಪ್ಲಿಯ ಮೇನ್ಸ್ ಪ್ಲಗ್ಗಿಗೂ ಎನ್‌ಹ್ಯಾನ್ಸರ್ ಹಚ್ಚಿದರೆ ಧ್ವನಿ ಸುಧಾರಿಸುತ್ತದೆಂದು ಓದಿದೆ. ನಮ್ಮ ಸಾಕೆಟ್ಟಿನಲ್ಲಿ ಆಗಾಗ ಚರಚರ ಸದ್ದು, ಸಣ್ಣ ಕಿಡಿ ಇದೆ.
– ಹೊನ್ನಾಳಿ

ಉತ್ತರ: ದ್ರವ ಹಚ್ಚಬೇಡಿ. ಕಿಡಿ ಹಾರುವ 230 ವೋಲ್ಟಿನ ಸಾಕೆಟ್ಟನ್ನು ಇಂದೇ ಬದಲಿಸಿ. ಈ ಸ್ಪ್ರೇಗಳ ದ್ರಾವಕ ಹೊತ್ತಿಕೊಳ್ಳುವಂಥದ್ದು. ಒಳಗಿನ ಹಿತ್ತಾಳೆ ಸ್ಪ್ರಿಂಗ್ ಬಿಸಿಗೆ ಸೋತು ಸಡಿಲವಾಗಿದೆ, ಅದನ್ನು ದ್ರವ ಬಿಗಿ ಮಾಡದು. ಮೇನ್ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಕೈಲಿ ಐಎಸ್‌ಐ ಗುರುತಿನ ಸಾಕೆಟ್ ಹಾಕಿಸಿ, ಹಿಂದಿನ ಸ್ಕ್ರೂಗಳು ಬಿಗಿಯಾಗಿವೆಯೇ, ಅರ್ಥ್ ವೈರು ನಿಜವಾಗಿ ಜೋಡಿಸಿದೆಯೇ ಎಂದು ಎದುರಿಗೇ ನೋಡಿಸಿಕೊಳ್ಳಿ. ಪ್ಲಗ್ಗಿನ ಪಿನ್ ಸುಟ್ಟು ಕಪ್ಪಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಸಾಕೆಟ್ಟನ್ನು ಅದೇ ಹಾಳುಮಾಡುತ್ತದೆ. ಕಿಡಿ ನಿಂತರೆ ಸ್ಪೀಕರಿನ ಚರಚರವೂ ನಿಲ್ಲುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಮಸಿ, ಹೊಗೆ ತಪ್ಪಿದ್ದಲ್ಲ. ಬೆಳ್ಳಿ ಲೇಪದ ದುಬಾರಿ ಕೇಬಲ್ ಪಿನ್‌ಗಳು ಆರು ತಿಂಗಳಲ್ಲೇ ಕಪ್ಪಾದವು. ಎಷ್ಟು ದಿನಕ್ಕೊಮ್ಮೆ ಎನ್‌ಹ್ಯಾನ್ಸರ್ ಹಚ್ಚಬೇಕು?
– ದಾವಣಗೆರೆ

ಉತ್ತರ: ಹೊಗೆಯಲ್ಲಿ ಗಂಧಕದ ಅಂಶವಿದ್ದರೆ ಬೆಳ್ಳಿ ಕಪ್ಪಾಗದೆ ಇರದು. ಆ ಕಪ್ಪನ್ನು ಐಸೊಪ್ರೊಪೈಲ್ ತೆಗೆಯುವುದಿಲ್ಲ. ಡಿ ಮಾದರಿಯ ದ್ರವ ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ಬಟ್ಟೆಯಿಂದ ಉಜ್ಜಿ, ಆಮೇಲೆ ಐಸೊಪ್ರೊಪೈಲಿನಿಂದ ಒರೆಸಿ, ಕೊನೆಗೆ ತೆಳು ಪದರ ಬಿಡಿ. ಆದರೆ ನಿಮ್ಮಂಥ ಜಾಗಕ್ಕೆ ಬೆಳ್ಳಿ ತಕ್ಕದ್ದಲ್ಲ. ಮುಂದಿನ ಸಲ ಚಿನ್ನದ ಲೇಪದ ಪಿನ್ ಕೊಳ್ಳಿ, ಆಂಪ್ಲಿಯ ಸಾಕೆಟ್ ನಿಕ್ಕಲ್ಲಿನದಾದರೆ ನಿಕ್ಕಲ್ ಪಿನ್ನೂ ಆದೀತು. ತವರ ಲೇಪದ ಹಳೆಯ ಸಾಕೆಟ್ಟಿಗೆ ಚಿನ್ನದ ಪಿನ್ ಹಾಕಿದರೆ ಮಾತ್ರ ತವರ ಚಿನ್ನಕ್ಕೆ ಅಂಟಿ, ಅಲ್ಲೇ ಆಕ್ಸೈಡ್ ಆಗಿ ಎರಡೂ ಕೆಡುತ್ತವೆ.

ಬೇರೆಯವರಿಗೆ ಪಿನ್‌ಗಳನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು, ಬೇಸಿಗೆಯ ದೂಳು ಮುಗಿದ ಮೇಲೆ. ನೀವು ಆರು ತಿಂಗಳಿಗೊಮ್ಮೆ ನೋಡಿ. ಹಳೆಯ ಪದರ ಒರೆಸದೆ ಮೇಲೆ ಮೇಲೆ ಹಚ್ಚಬೇಡಿ, ಮಸಿ ಅದರಲ್ಲೇ ಸಿಕ್ಕಿ ಕೂರುತ್ತದೆ. ವಾಲ್ಯೂಮ್ ಕಂಟ್ರೋಲ್, ಸ್ವಿಚ್‌ಗಳಿಗೆ ಶಬ್ದ ಬಂದಾಗ ಮಾತ್ರ ಕೈಹಾಕಿ. ವಾರಕ್ಕೊಮ್ಮೆ ಎಲ್ಲ ಗುಬ್ಬಿ, ಸ್ವಿಚ್ಚುಗಳನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ಆಡಿಸಿದರೆ ಅದೂ ಅಪರೂಪವಾದೀತು. ಬಳಸದ ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿ. ಆಂಪ್ಲಿಗೆ ರಾತ್ರಿ ಬಟ್ಟೆ ಹೊದಿಸಿ, ಆನ್ ಮಾಡುವ ಮೊದಲು ತೆಗೆಯಿರಿ, ಅದಕ್ಕೆ ಮೇಲಿನಿಂದ ಗಾಳಿ ಬೇಕು.